ಎರಿಟ್ರಿಯಾದ ಅಜ್ಜಿಗೆ ಮರೆವೋ, ಒಂಟಿತನವೋ?

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಹನ್ನೊಂದು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಓಕ್‌ಲ್ಯಾಂಡ್ ಸುತ್ತಮುತ್ತಲ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ನನ್ನದು. ಐದು ತಿಂಗಳಿಂದ, ಆಫ್ರಿಕಾದ ಎರಿಟ್ರಿಯಾ ದೇಶದಿಂದ ಬಂದ ಒಬ್ಬ ಅಜ್ಜಿಯನ್ನು ನೋಡುತ್ತಿದ್ದೇನೆ. ದಾಖಲೆಯ ಪ್ರಕಾರ ವಯಸ್ಸು 76. ಗಂಡ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ, ಇಲ್ಲಿನ ಪೌರತ್ವ ಪಡೆದಿರುವ ಮಗಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಈಗ ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಹಿಡಿದಿದ್ದಾರೆ, ಮಧ್ಯಾಹ್ನದವರೆಗೆ ನೀರೂ ಮುಟ್ಟುವುದಿಲ್ಲ. ಕಳೆದ ವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಸಕ್ಕರೆ 64 ಇತ್ತು, ಕೈ ನಡುಗುತ್ತಿತ್ತು, ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮನಿಗೆ ಮರೆವು ಶುರುವಾಗಿದೆ, ಹೇಳಿದ್ದನ್ನೇ ಹೇಳುತ್ತಾರೆ, ಒಮ್ಮೆ ಒಲೆ ಆರಿಸುವುದನ್ನು ಮರೆತಿದ್ದರು ಎಂದು ಮಗಳು ಹೇಳುತ್ತಾರೆ. ಕ್ಲಿನಿಕ್ಕಿನಲ್ಲಿ ಮಾಡಿದ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 13 ಅಂಕ ಬಂತು. ಅವತ್ತು ಅನುವಾದ ಮಾಡಿದವರು ಮಗಳೇ. ಆಕೆ ಎರಡು ಕಡೆ ದುಡಿಯುತ್ತಾರೆ. ಬೆಳಿಗ್ಗೆ ಐದರಿಂದ ಸಂಜೆ ಆರರವರೆಗೆ ಅಜ್ಜಿ ಒಬ್ಬರೇ. ವೃದ್ಧರ ಡೇ ಸೆಂಟರ್ ಮಾತೆತ್ತಿದರೆ, ‘ನಮ್ಮಲ್ಲಿ ತಾಯಿಯನ್ನು ಹೊರಗೆ ಬಿಡುವ ಪದ್ಧತಿಯಿಲ್ಲ’ ಎಂದು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಅಜ್ಜಿಯನ್ನು ಏನು ಕೇಳಿದರೂ ‘ದೇವರ ದಯೆ, ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಉಪವಾಸ ಬಿಡಲು ಹೇಗೆ ಒಪ್ಪಿಸುವುದು? ಇದು ಮರೆವಿನ ಕಾಯಿಲೆಯೇ? ಸರ್ಕಾರದ ನೆರವು ಕೇಳಿದರೆ ಮಗಳಿಗೆ ಏನಾದರೂ ತೊಂದರೆ ಬರುತ್ತದೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ಇರುವ ಒಂದು ಅಂಕಿಗೆ ಮಾತ್ರ ಕಾಯುವ ವ್ಯವಧಾನವಿಲ್ಲ, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ. ಬರಿ ಹೊಟ್ಟೆಯಲ್ಲಿರುವ ವಯಸ್ಸಾದವರ ಸಕ್ಕರೆ 64ಕ್ಕೆ ಇಳಿದು, ಕೈ ನಡುಗಿ, ಪರಿಚಿತರ ಗುರುತು ಸಿಗುವುದು ತಡವಾಯಿತೆಂದರೆ, ಆ ಹೊತ್ತಿನ ಗೊಂದಲಕ್ಕೆ ಮರೆವಿನ ಕಾಯಿಲೆಗಿಂತ ಮೊದಲು ಸಕ್ಕರೆ ಕುಸಿದದ್ದನ್ನೇ ಕಾರಣವೆಂದು ಹಿಡಿಯಬೇಕು. ಅವರ ಮಾತ್ರೆಗಳ ಪಟ್ಟಿಯನ್ನು ನೀವು ಬರೆದಿಲ್ಲ. ಅದರಲ್ಲಿ ಗ್ಲಿಪಿಜೈಡ್, ಗ್ಲಿಮೆಪಿರೈಡ್, ಗ್ಲೈಬುರೈಡ್ ಇವುಗಳಲ್ಲಿ ಒಂದಿದ್ದರೆ ಅಥವಾ ಇನ್ಸುಲಿನ್ ಇದ್ದರೆ, ಅವರ ವೈದ್ಯರಿಗೆ ಈ ದಿನವೇ ಫೋನ್ ಮಾಡಿ, ಉಪವಾಸದ ವಿಷಯ ತಿಳಿಸಿ, ಪ್ರಮಾಣವನ್ನೂ ಹೊತ್ತನ್ನೂ ಬದಲಾಯಿಸಿಕೊಳ್ಳಿ. ಇವು ಊಟವಿದ್ದರೂ ಇಲ್ಲದಿದ್ದರೂ ಸಕ್ಕರೆ ಇಳಿಸುವ ಔಷಧಗಳು, ಅದರಲ್ಲೂ ಗ್ಲೈಬುರೈಡನ್ನು ವಯಸ್ಸಾದವರಿಗೆ ಕೊಡಬಾರದೆಂದೇ ನಮ್ಮ ವಿಭಾಗದಲ್ಲಿ ಹೇಳಿಕೊಡುತ್ತೇವೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಇಷ್ಟು ಇಳಿಯುವುದು ಅಪರೂಪ. ಸಕ್ಕರೆ ಕಾಯಿಲೆಗೆ ಕೊಡುವ ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯೋ, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯೋ ಇದ್ದರೆ, ನೀರು ಕುಡಿಯದ ಬೆಳಗುಗಳಲ್ಲಿ ಮೈಯ ನೀರು ಬತ್ತಿ ತಲೆ ಸುತ್ತಿ ಬೀಳುವ ಅಪಾಯವಿದೆ. ವೈದ್ಯರು ಬದಲಾವಣೆ ಮಾಡುವವರೆಗೆ ತಾಯಿ, ಮಗಳು ಇಬ್ಬರಿಗೂ ಒಂದೇ ನಿಯಮ ಸಾಕು: ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಆ ದಿನದ ಉಪವಾಸ ಅಲ್ಲಿಗೆ ಮುಗಿಯಿತು. ಕೆಳಗಿಳಿದಾಗ ಅರ್ಧ ಲೋಟ ಹಣ್ಣಿನ ರಸ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. 300 ದಾಟಿದ್ದರೆ ನೀರು ಕುಡಿಸಿ ವೈದ್ಯರಿಗೆ ಫೋನ್ ಮಾಡಬೇಕು.

ಇನ್ನು ಉಪವಾಸ ‘ಬಿಡಿಸುವ’ ಮಾತು. ಅದನ್ನು ಕೈಬಿಡಿ ಎಂದು ಪ್ರೀತಿಯಿಂದಲೇ ಹೇಳುತ್ತೇನೆ, ಏಕೆಂದರೆ ನಾನು ಬಹಳ ವರ್ಷ ಅದೇ ತಪ್ಪು ಮಾಡಿದವಳು. ಎರಿಟ್ರಿಯಾದ ಆರ್ಥೊಡಾಕ್ಸ್ ತೆವಾಹೆದೊ ಚರ್ಚಿನವರಿಗೆ ಈಸ್ಟರ್‌ಗೆ ಮುಂಚಿನ ಉಪವಾಸ 55 ದಿನ. ಅದಲ್ಲದೆ ಬುಧವಾರ, ಶುಕ್ರವಾರಗಳಿವೆ, ಕ್ರಿಸ್ತಜಯಂತಿಗೆ ಮೊದಲಿನದಿದೆ, ಆಗಸ್ಟಿನಲ್ಲಿ ಮರಿಯಮ್ಮನವರ ಹೆಸರಿನದಿದೆ. ನಿಷ್ಠೆಯಿಂದ ನಡೆಸುವವರಿಗೆ ವರ್ಷದಲ್ಲಿ 180 ದಿನಕ್ಕೂ ಮೇಲಾಗುತ್ತದೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಮಧ್ಯಾಹ್ನದವರೆಗೆ ಏನೂ ಇಲ್ಲ. ಹೀಗೆ ಎಪ್ಪತ್ತು ವರ್ಷ ನಡೆಸಿಕೊಂಡು ಬಂದವರಿಗೆ ‘ಬಿಟ್ಟುಬಿಡಿ’ ಎಂದರೆ, ಎದುರಿಗೆ ಮರ್ಯಾದೆಗೆ ತಲೆಯಾಡಿಸುತ್ತಾರೆ, ನೀವು ಹೋದ ಮೇಲೆ ಮುಂದುವರಿಸುತ್ತಾರೆ, ಮುಂದಿನ ಸಲ ನಿಮ್ಮಿಂದ ಮುಚ್ಚಿಡುತ್ತಾರೆ. ಏಕಾದಶಿಯನ್ನು ಎಂದೂ ತಪ್ಪಿಸದ ನಮ್ಮ ಅಜ್ಜಿಯರು ಡಾಕ್ಟರಿಗೆ ಕೊಡುತ್ತಿದ್ದ ಉತ್ತರ ನಿಮಗೆ ನೆನಪಿರಬಹುದು.

ಕಾಯಿಲೆಯವರಿಗೆ ಆ ಚರ್ಚೇ ವಿನಾಯಿತಿ ಕೊಡುತ್ತದೆ. ಆದರೆ ಆ ವಿನಾಯಿತಿ ನಿಮ್ಮ ಬಾಯಿಂದ ಬಂದರೆ ಅದಕ್ಕೆ ಬೆಲೆಯಿಲ್ಲ. ಪ್ರತಿಯೊಬ್ಬ ಭಕ್ತರಿಗೂ ‘ಅಬೊ ನೆಫ್ಸಿ’ ಎಂಬ ಗುರುಗಳೊಬ್ಬರು ಇರುತ್ತಾರೆ. ಆತ್ಮದ ತಂದೆ ಎಂದು ಅದರ ಅರ್ಥ. ಪಾಪನಿವೇದನೆ ಕೇಳುವವರು, ಮನೆಯ ಕಷ್ಟಸುಖಕ್ಕೆ ಬರುವವರು ಅವರೇ. ಅವರ ಹೆಸರು ಕೇಳಿಕೊಳ್ಳಿ, ಅಜ್ಜಿಯ ಒಪ್ಪಿಗೆ ಪಡೆದು ಅವರೊಂದಿಗೆ ಮಾತನಾಡಿ. ನನ್ನ ಅನುಭವದಲ್ಲಿ ಇಂಥ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿದಿದೆ, ಫಲವೂ ಒಂದೇ ತೆರನಾಗಿದೆ: ಆಹಾರದ ನಿಯಮ ಇರಲಿ, ಹೊತ್ತಿನ ನಿಯಮವನ್ನು ಸಡಿಲಿಸಿ ಬೆಳಿಗ್ಗೆ ಔಷಧದೊಂದಿಗೆ ತಿನ್ನಲಿ ಎಂದು ಗುರುಗಳೇ ಹೇಳುತ್ತಾರೆ. ಹಾಗಾದರೆ ನಮಗೆ ಬೇಕಾದದ್ದೆಲ್ಲ ಸಿಕ್ಕಿದಂತೆಯೇ. ಉಪವಾಸದ ಅಡುಗೆಯಲ್ಲಿ ದೋಷವಿಲ್ಲ. ಕಡಲೆ ಹಿಟ್ಟಿನ ಶಿರೊ, ಮಸೂರ ಬೇಳೆಯ ತಿಮ್ತಿಮೊ, ಸೊಪ್ಪಿನ ಹಮ್ಲಿ ಎಲ್ಲವೂ ಸಕ್ಕರೆಯವರಿಗೆ ಒಳ್ಳೆಯವೇ. ತೊಂದರೆ ಇರುವುದು ಅವುಗಳ ಕೆಳಗೆ ಹಾಸುವ ತಾಯ್ತಾದಲ್ಲಿ, ಅಂದರೆ ದೋಸೆಯಂಥ ಇಂಜೆರಾದಲ್ಲಿ. ಅದಕ್ಕೆ ಬೇಕಾದ ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟು ದುಬಾರಿಯಾದ್ದರಿಂದ ಇಲ್ಲಿ ಅನೇಕರು ಮೈದಾ ಬೆರೆಸಿ ಹುಯ್ಯುತ್ತಾರೆ. ಮೈದಾ ಕಡಿಮೆ ಮಾಡಿಸಿ, ಎರಡರ ಬದಲು ಒಂದು ಎಂದು ಎಣಿಸಿಕೊಳ್ಳುವುದನ್ನು ಕಲಿಸಿ. ಪವಿತ್ರ ಜಲ, ಅವರ ಮಾತಿನಲ್ಲಿ ಮಾಯ್ ಚೆಲೋತ್, ಕುಡಿಯುತ್ತಾರೆಯೇ, ಕುಡಿಯುವ ದಿನಗಳಲ್ಲಿ ಮಾತ್ರೆ ನಿಲ್ಲಿಸುತ್ತಾರೆಯೇ ಎಂದೂ ಕೇಳಿ. ಆಕ್ಷೇಪಣೆಯ ದನಿಯಲ್ಲಿ ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ.

ಉಪವಾಸಕ್ಕೂ ಮರೆವಿಗೂ ನಡುವೆ ವೈದ್ಯರು ಹೆಚ್ಚಾಗಿ ಗಮನಿಸದ ಒಂದು ಕೊಂಡಿ ಇದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಬಿ-12 ಜೀವಸತ್ವ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಆ ಜೀವಸತ್ವ ಬರುವುದು ಮಾಂಸ, ಮೊಟ್ಟೆ, ಹಾಲಿನಿಂದ. ವರ್ಷದ ಅರ್ಧ ಭಾಗ ಅವನ್ನು ಮುಟ್ಟದವರು, ಮೇಲೆ ಮೆಟ್‌ಫಾರ್ಮಿನ್, ಮೇಲೆ ವಯಸ್ಸು. ಬಿ-12 ಕೊರತೆಯಿಂದ ಮರೆವು, ಮಂಕು, ಪಾದದಲ್ಲಿ ಜೋಮು ಬರುತ್ತವೆ, ಸಕಾಲದಲ್ಲಿ ಕಂಡರೆ ಔಷಧದಿಂದ ಸುಧಾರಿಸುತ್ತವೆ. ಈ ಒಂದು ರಕ್ತಪರೀಕ್ಷೆಯೂ ಥೈರಾಯ್ಡ್ ಪರೀಕ್ಷೆಯೂ ಆಗದೆ ಯಾರೂ ‘ಡಿಮೆನ್ಷಿಯಾ’ ಎಂದು ಬರೆಯಬಾರದು. ಮನೆಯೊಳಗೇ ಇರುವವರಾದ್ದರಿಂದ ವಿಟಮಿನ್ ಡಿ ಕೂಡ ನೋಡಿಸಿ. ಮೂತ್ರದ ಸೋಂಕೂ ವೃದ್ಧರಲ್ಲಿ ಹಠಾತ್ ಗೊಂದಲ ತರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಎರಿಟ್ರಿಯಾದಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2007ರಲ್ಲಿ; ಈ ವಯಸ್ಸಿನ ಬಹುಪಾಲು ಹೆಂಗಸರು ಅದನ್ನು ಬಾಲ್ಯದಲ್ಲೇ ಅನುಭವಿಸಿದವರು. ಮೂತ್ರದ ತೊಂದರೆ ಇದ್ದರೂ ಹೇಳದಿರುವುದಕ್ಕೆ, ಪರೀಕ್ಷೆಗೆ ಒಪ್ಪದಿರುವುದಕ್ಕೆ ಅದೇ ಕಾರಣವಿರಬಹುದು. ಅನುವಾದಕ್ಕೂ ಹೆಂಗಸೇ ಇದ್ದಾಗ, ಮಗಳು ಪಕ್ಕದಲ್ಲಿಲ್ಲದಾಗ, ಮೆಲ್ಲಗೆ ಕೇಳುವ ಮಾತು ಅದು. ಕೇಳಿದ ಮೇಲೆ ನಿಮ್ಮ ಮುಖದಲ್ಲಿ ಬೆರಗು ಕಾಣಿಸಬಾರದು.

ಈಗ 30ಕ್ಕೆ 13ರ ವಿಷಯ. ಆ ಅಂಕವನ್ನು ನಾನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. 1940ರ ದಶಕದ ಕೊನೆಯಲ್ಲಿ ಹುಟ್ಟಿದ ಹಳ್ಳಿಯ ಹೆಣ್ಣುಮಗಳು ಶಾಲೆಗೆ ಹೋಗಿರುವ ಸಂಭವ ಕಡಿಮೆ. ಪೆನ್ಸಿಲ್ ಹಿಡಿದು ಘನಾಕೃತಿ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎನ್ನುವ ಪರೀಕ್ಷೆ ಅವರ ನೆನಪನ್ನಲ್ಲ, ಅವರಿಗೆ ಸಿಗದೆ ಹೋದ ಶಾಲೆಯನ್ನು ಅಳೆಯುತ್ತದೆ. ತಾರೀಖಿನ ಪ್ರಶ್ನೆಯೂ ಅಷ್ಟೆ. ಅವರ ಚರ್ಚಿನ ಪಂಚಾಂಗದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ಹೊಸ ವರ್ಷ ಬರುವುದು ಸೆಪ್ಟೆಂಬರ್ 11ರ ಹೊತ್ತಿಗೆ, ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ತಿಥಿ, ನಕ್ಷತ್ರ ತಪ್ಪದೆ ಹೇಳುವ ಅಜ್ಜಿಗೆ ಇಂಗ್ಲಿಷ್ ತಾರೀಖು ಗೊತ್ತಿಲ್ಲದಿದ್ದರೆ ಅರುಳುಮರುಳು ಎನ್ನುತ್ತೇವೆಯೆ? ದಾಖಲೆಯಲ್ಲಿ ಅವರ ಜನ್ಮದಿನ ಜನವರಿ 1 ಎಂದಿದೆಯೇ ನೋಡಿ. ಹುಟ್ಟಿದ ದಿನ ಬರೆದಿಡದ ಊರುಗಳಿಂದ ಬಂದ ಸಾವಿರಾರು ಜನರಿಗೆ ಕಚೇರಿಗಳು ಅದೇ ದಿನ ಕೊಟ್ಟಿವೆ. ಹಾಗಿದ್ದರೆ ಆ 76 ಎಂಬುದೂ ಅಂದಾಜೇ. ಬೇರೆ ಬೇರೆ ಭಾಷೆ, ಬೇರೆ ಬೇರೆ ಓದಿನ ವಲಸಿಗರಿಗಾಗಿ ಸಿಡ್ನಿಯಲ್ಲಿ ರೂಪಿಸಿ 2004ರಲ್ಲಿ ಪ್ರಕಟಿಸಿದ ‘ರೂಡಾಸ್’ ಎಂಬ ಪರೀಕ್ಷೆ ಇದೆ. ಅಂಗಡಿಯಿಂದ ತರಬೇಕಾದ ನಾಲ್ಕು ಸಾಮಾನು ನೆನಪಿಡುವುದು, ವಾಹನಗಳಿರುವ ರಸ್ತೆ ದಾಟುವುದು ಹೇಗೆಂದು ಹೇಳುವುದು ಇಂಥ ಪ್ರಶ್ನೆಗಳು ಅದರಲ್ಲಿವೆ. ಕ್ಲಿನಿಕ್ಕಿಗೆ ಅದನ್ನೇ ಮಾಡಲು ಕೇಳಿ. ಕಿವಿಯನ್ನೂ ಕಣ್ಣಿನ ಪೊರೆಯನ್ನೂ ಮೊದಲು ನೋಡಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ ನಡೆದ ಭಾಷೆ. ಮಗಳು ಅನುವಾದ ಮಾಡಿದಾಗ ಏನಾಗುತ್ತದೆಂದರೆ, ತಾಯಿ ತಡವರಿಸಿದ ಕಡೆ ಮಗಳು ಒಂದು ಸುಳಿವು ಸೇರಿಸುತ್ತಾಳೆ, ತಾಯಿ ಉದ್ದಕ್ಕೆ ಹೇಳಿದ್ದನ್ನು ‘ಗೊತ್ತಿಲ್ಲವಂತೆ’ ಎಂದು ಮೊಟಕುಗೊಳಿಸುತ್ತಾಳೆ, ನಾಚಿಕೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ಮಗಳಾಗಿರುವುದೇ ಹಾಗೆ. ಮಗಳ ಎದುರು ‘ನನಗೆ ಇಲ್ಲಿ ಬದುಕು ಬೇಸರವಾಗಿದೆ’ ಎಂದು ಯಾವ ತಾಯಿ ಹೇಳುತ್ತಾಳೆ? ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರವೂ, ಅನಂತರ ಬಂದ ಆರೋಗ್ಯ ಕಾಯ್ದೆಯ ಪ್ರಕಾರವೂ, ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ರೋಗಿಗೆ ಅನುವಾದಕರನ್ನು ಉಚಿತವಾಗಿ ಒದಗಿಸಬೇಕು. ಮನೆಯವರನ್ನೇ ಕರೆದುಕೊಂಡು ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಇದು ದಾಕ್ಷಿಣ್ಯಪಟ್ಟು ಕೇಳಬೇಕಾದ ಉಪಕಾರವಲ್ಲ.

ಯಾವ ಭಾಷೆಯ ಅನುವಾದಕರು ಎಂಬುದೂ ಮುಖ್ಯ. ಎರಿಟ್ರಿಯಾದಲ್ಲಿ ಒಂಬತ್ತು ಜನಾಂಗಗಳಿವೆ. ನಿಮ್ಮ ಅಜ್ಜಿ ಆರ್ಥೊಡಾಕ್ಸ್ ಎಂದಮೇಲೆ ಬಹುಶಃ ತಿಗ್ರಿನ್ಯಾ ಮಾತನಾಡುವವರು. ಅಲ್ಲಿನ ಕೆರೆನ್ ಪಟ್ಟಣದ ಕಡೆಯ ಮುಸ್ಲಿಂ ಅಜ್ಜ ಆಗಿದ್ದರೆ ತಿಗ್ರೆ ಅಥವಾ ಬಿಲೆನ್ ಇರಬಹುದು. ತಿಗ್ರೆ, ತಿಗ್ರಿನ್ಯಾ ಹೆಸರಿನಲ್ಲಿ ಹತ್ತಿರವಿದ್ದರೂ ಬೇರೆ ಬೇರೆ ಭಾಷೆಗಳು. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ, ಎಂಬತ್ತು ದಾಟಿದ ಎರಿಟ್ರಿಯಾದ ಹಿರಿಯರೊಬ್ಬರಿಗೆ ಫೋನಿನಲ್ಲಿ ಅಮ್ಹಾರಿಕ್ ಅನುವಾದಕರನ್ನು ಜೋಡಿಸಿದ್ದರು. ಲಿಪಿ ಒಂದೇ, ನೆರೆಯ ಇಥಿಯೋಪಿಯಾದ ಭಾಷೆ, ನಡೆಯುತ್ತದೆ ಎಂಬ ಲೆಕ್ಕ. ಅವರು ಎರಡು ಮಾತು ಕೇಳಿ ಗೋಡೆಯ ಕಡೆ ತಿರುಗಿ, ಹೊದ್ದಿದ್ದ ಬಿಳಿಯ ನೆಟ್ಸೆಲಾವನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿಬಿಟ್ಟರು. ಕಡತದಲ್ಲಿ ‘ರೋಗಿ ಸಹಕರಿಸುತ್ತಿಲ್ಲ, ಗೊಂದಲದಲ್ಲಿದ್ದಾರೆ’ ಎಂದು ಬರೆದರು. ಅವರಿಗೆ ಗೊಂದಲವಿರಲಿಲ್ಲ. ಇಟಲಿಯವರು 1941ರವರೆಗೆ ಆಳಿ ಹೋದ ಮೇಲೆ, ಬ್ರಿಟಿಷರ ಕೈಯಿಂದ 1952ರಲ್ಲಿ ಇಥಿಯೋಪಿಯಾದ ಒಕ್ಕೂಟಕ್ಕೆ ಸೇರಿ, 1962ರಲ್ಲಿ ಆ ಒಕ್ಕೂಟವೂ ರದ್ದಾಗಿ ಒಂದು ಪ್ರಾಂತ್ಯವಾಗಿ ಉಳಿದ ನಾಡು ಎರಿಟ್ರಿಯಾ. ತಿಗ್ರಿನ್ಯಾವನ್ನು ಬದಿಗೊತ್ತಿ ಅಮ್ಹಾರಿಕ್ ಹೇರಲಾಯಿತು. 1961ರಿಂದ 1991ರವರೆಗೆ ಮೂವತ್ತು ವರ್ಷ ಹೋರಾಡಿ, 1993ರ ಜನಮತದಿಂದ ದೇಶ ಸ್ವತಂತ್ರವಾಯಿತು. ಆ ಹಿರಿಯರ ಪಾಲಿಗೆ ಅಮ್ಹಾರಿಕ್ ಎಂದರೆ ಮನೆ ಬಾಗಿಲು ತಟ್ಟುತ್ತಿದ್ದ ಸೈನಿಕರ ಭಾಷೆ. ತಿಗ್ರಿನ್ಯಾ ಅನುವಾದಕರು ಬಂದ ದಿನ ಅವರು ಒಂದು ಗಂಟೆ ಮಾತನಾಡಿದರು.

ತಿಗ್ರಿನ್ಯಾ ಗೊತ್ತಿದ್ದ ಮಾತ್ರಕ್ಕೆ ವಿಶ್ವಾಸ ಬರುತ್ತದೆ ಎಂದೂ ತಿಳಿಯಬೇಡಿ. ಅದೇ ಭಾಷೆಯನ್ನು ಇಥಿಯೋಪಿಯಾದ ಟಿಗ್ರೇ ಪ್ರಾಂತ್ಯದವರೂ ಆಡುತ್ತಾರೆ. 2020ರಿಂದ 2022ರವರೆಗೆ ಅಲ್ಲಿ ನಡೆದ ಯುದ್ಧದಲ್ಲಿ ಎರಿಟ್ರಿಯಾದ ಸೇನೆಯೂ ಇಳಿದಿತ್ತು, ಆ ಗಾಯ ಎರಡೂ ಕಡೆ ಹಸಿಯಾಗಿದೆ. ಇಲ್ಲಿ ನೆಲೆಸಿರುವ ಎರಿಟ್ರಿಯನ್ನರೊಳಗೂ ರಾಜಧಾನಿ ಅಸ್ಮಾರಾದ ಸರ್ಕಾರದ ಪರ, ವಿರೋಧ ಎಂಬ ಬಿರುಕಿದೆ. ತಮ್ಮ ಮಾತು ತಮ್ಮದೇ ಚರ್ಚಿನ ಅಂಗಳ ತಲುಪೀತೆಂಬ ಅಂಜಿಕೆ ಹಿರಿಯರಿಗೆ ಇರುತ್ತದೆ. ಆದ್ದರಿಂದ ಬೇರೆ ರಾಜ್ಯದಲ್ಲಿ ಕುಳಿತಿರುವ ಫೋನ್ ಅನುವಾದಕರೇ ಎಷ್ಟೋ ಸಲ ಮೇಲು. ‘ಇವರು ನಿಮಗೆ ಸರಿಯೇ’ ಎಂದು ಮೊದಲು ಅಜ್ಜಿಯನ್ನೇ ಕೇಳಿ. ಅವರನ್ನು ಹೆಸರು ಹಿಡಿದು ಕರೆಯಬೇಡಿ, ‘ಅದೈ’ ಎನ್ನಿ. ನನ್ನ ತಾಯಿ ಎಂದು ಅರ್ಥ. ಆ ಭಾಷೆಯಲ್ಲೂ ನಮ್ಮ ‘ನೀವು’ ಇದ್ದಂತೆ ಗೌರವದ ಬಹುವಚನವಿದೆ.

ಮರೆವು ನಿಜವಾಗಿ ಇದೆಯೇ ಎಂದು ನೋಡಲು ನನಗೆ ಅತ್ಯಂತ ನೆಚ್ಚಿನ ದಾರಿ ಅವರ ಮನೆಯ ಕಾಫಿ. ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಹೋಗಿ, ‘ಅದೈ, ಬುನ್ ಮಾಡಿಕೊಡುತ್ತೀರಾ’ ಎಂದು ಕೇಳಿ. ಹಸಿ ಬೀಜ ತೊಳೆಯಬೇಕು. ಕೈಬಾಣಲೆಯಲ್ಲಿ ಹುರಿಯಬೇಕು, ಸೀಯುವ ಮೊದಲೇ ಇಳಿಸಬೇಕು. ಹೊಗೆಯಾಡುವ ಬಾಣಲೆಯನ್ನು ಕುಳಿತವರ ಮುಂದೆ ಒಬ್ಬೊಬ್ಬರಿಗೂ ಒಯ್ದು ಪರಿಮಳ ತೋರಿಸಬೇಕು. ಪುಡಿ ಮಾಡಿ, ಉದ್ದ ಕೊರಳಿನ ಮಣ್ಣಿನ ಜೆಬೆನಾಕ್ಕೆ ತುಂಬಿ, ಉಕ್ಕಿ ಬಂದದ್ದನ್ನು ಇಳಿಸಿ ಮತ್ತೆ ಇಡಬೇಕು. ಜೆಬೆನಾದ ಬಾಯಿಗೆ ನಾರಿನ ಸೋಸು ತುರುಕಿ, ಸಣ್ಣ ಫಿಂಜಾಲ್ ಬಟ್ಟಲುಗಳಿಗೆ ಒಂದು ಹನಿ ಚೆಲ್ಲದೆ ಸುರಿಯಬೇಕು. ನೀರು ಸೇರಿಸಿ ಮೂರು ಸುತ್ತು: ಅವೆಲ್, ಕಲಾಯ್, ಬೆರೆಕಾ. ಇಷ್ಟೂ ಹಂತ ಕ್ರಮ ತಪ್ಪದೆ ನಡೆದರೆ, ಯಾರಿಗೆ ಮೊದಲು ಕೊಡಬೇಕೆಂಬ ಮರ್ಯಾದೆ ತಪ್ಪದಿದ್ದರೆ, ಬೆಂಕಿಯ ಮೇಲೆ ಒಂದು ಕಣ್ಣಿದ್ದರೆ, ಕಾಯಿಲೆ ಇದ್ದರೂ ಅದು 13 ಅಂಕ ಹೇಳುವಷ್ಟು ಮುಂದುವರಿದಿಲ್ಲ. ಹುರಿದ ಬೀಜವನ್ನು ಪುಡಿ ಮಾಡದೆ ಜೆಬೆನಾಕ್ಕೆ ಹಾಕಿದರೆ, ಎರಡನೆಯ ಸುತ್ತನ್ನು ಮೊದಲನೆಯದೆಂದು ಮತ್ತೆ ಶುರುಮಾಡಿದರೆ, ಅರವತ್ತು ವರ್ಷ ಮಾಡಿದ ಕೆಲಸ ಕೈತಪ್ಪುತ್ತಿದೆ ಎಂದರ್ಥ, ಅದನ್ನು ಗಂಭೀರವಾಗಿ ಬರೆದು ವೈದ್ಯರಿಗೆ ಕಳಿಸಿ. ಬಟ್ಟಲಿಗೆ ಎಷ್ಟು ಚಮಚ ಸಕ್ಕರೆ ಬೀಳುತ್ತದೆ ಎಂಬುದನ್ನೂ ಅಲ್ಲೇ ಎಣಿಸಬಹುದು. ಉಪವಾಸದ ಹೊತ್ತು ಮುಗಿದ ಮೇಲೆಯೇ ಹೋಗಿ, ಬೆರೆಕಾ ಕುಡಿಯದೆ ಏಳಬೇಡಿ. ಆ ಮಾತಿಗೆ ಆಶೀರ್ವಾದ ಎಂದು ಅರ್ಥ. ಅಜ್ಜಿ ಬಾಯಿ ಬಿಟ್ಟು ಮಾತನಾಡುವುದೂ ಆ ಸುತ್ತಿನಲ್ಲೇ.

ಅಲ್ಲಿ ಅವರ ಬಾಯಿಂದ ಏನು ಕಿವಿಗೆ ಬೀಳಬಹುದು ಎಂಬುದಕ್ಕೆ ಸಿದ್ಧರಾಗಿ ಹೋಗಿ. ಮೂವತ್ತು ವರ್ಷದ ಹೋರಾಟದಲ್ಲಿ ಸುಮಾರು 65,000 ಹೋರಾಟಗಾರರು ಸತ್ತರು; ಆ ತಲೆಮಾರಿನಲ್ಲಿ ಗೋಡೆಯ ಮೇಲೆ ಒಂದು ಫೋಟೋ ಇಲ್ಲದ ಮನೆ ವಿರಳ. 1998ರಿಂದ 2000ದವರೆಗೆ ಇಥಿಯೋಪಿಯಾದೊಡನೆ ಗಡಿಯುದ್ಧವಾಯಿತು. ಬಳಿಕ ಕೊನೆಯಿಲ್ಲದ ಸೈನಿಕ ಸೇವೆ ಬಂತು, ಅದರಿಂದ ತಪ್ಪಿಸಿಕೊಳ್ಳಲು ಮಕ್ಕಳು, ಮೊಮ್ಮಕ್ಕಳು ಸುಡಾನ್, ಲಿಬಿಯಾ ದಾಟಿ ದೋಣಿ ಹತ್ತಿದರು. 2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ ಮುಳುಗಿದ ದೋಣಿಯಲ್ಲಿ ಸತ್ತ 360ಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರು ಎರಿಟ್ರಿಯದವರು. ಇಷ್ಟನ್ನು ಹೊತ್ತವರು ‘ನಿಮಗೆ ಖಿನ್ನತೆಯೇ’ ಎಂದರೆ ಹೌದೆನ್ನುವುದಿಲ್ಲ. ಮೈ ಸುಡುತ್ತದೆ, ತಲೆ ಭಾರ, ನಿದ್ದೆಯಿಲ್ಲ, ಊಟ ರುಚಿಸುವುದಿಲ್ಲ ಎಂದು ಹೇಳುತ್ತಾರೆ. ಹೇಳಿದ್ದನ್ನೇ ಹೇಳುವುದು, ಒಲೆ ಮರೆಯುವುದು ಖಿನ್ನತೆಯಲ್ಲೂ ಕಾಣುತ್ತದೆ. ಅದರ ಮೇಲೆ ಈಗಿನ ದಿನಚರಿ ನೋಡಿ. ಅಸ್ಮಾರಾದಲ್ಲಾದರೆ ನಸುಕಿಗೆ ಚರ್ಚು, ಹಗಲಲ್ಲಿ ನೆರೆಮನೆಯ ಕಾಫಿ, ಸಂಜೆ ಹಾರ್ನೆಟ್ ಬೀದಿಯ ತುಂಬ ಅಡ್ಡಾಡುವ ಜನ. ಇಲ್ಲಿ ಹದಿಮೂರು ಗಂಟೆ ಒಂದು ಅಪಾರ್ಟ್‌ಮೆಂಟು, ಒಂದು ಟಿವಿ. ಬಂದವರಿಗೆಲ್ಲ ಕೊಡುವ ಕೈಯಾಗಿದ್ದವರು ನಾಲ್ಕೇ ವರ್ಷದಲ್ಲಿ ತೆಗೆದುಕೊಳ್ಳುವ ಕೈಯಾಗಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಜ್ಜಿಯ ಅರ್ಧ ಕಾಯಿಲೆ ಇಲ್ಲಿದೆ. ಮಾತ್ರೆ ಬೇಕಾಗಬಹುದು, ಆದರೆ ಕೂತು ಮಾತನಾಡುವ ಜನ ಸಿಗದೆ ಮಾತ್ರೆಯೊಂದೇ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಮಗಳ ಮಾತಿಗೆ ಬರುತ್ತೇನೆ. ‘ಎರಿಟ್ರಿಯದವರು ಹಿರಿಯರನ್ನು ತಾವೇ ನೋಡಿಕೊಳ್ಳುತ್ತಾರೆ, ಅವರಿಗೆ ನೆರವು ಬೇಕಿಲ್ಲ’ ಎಂದು ಅಧಿಕಾರಿಗಳೂ ನಂಬಿದ್ದಾರೆ, ಸಮುದಾಯದವರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರಿನಲ್ಲಿ ಅದು ನಿಜವಾಗಿತ್ತು, ಏಕೆಂದರೆ ಅಲ್ಲಿ ನೋಡಿಕೊಳ್ಳುತ್ತಿದ್ದವರು ಹತ್ತು ಜನ. ಇಲ್ಲಿ ಅದೇ ಭಾರ ಒಬ್ಬ ಮಗಳ ಮೇಲಿದೆ. ಆಕೆಗೆ ‘ಡೇ ಸೆಂಟರ್’ ಎಂದರೆ ತಾಯಿಯನ್ನು ಬಿಟ್ಟುಬಂದಂತೆ ಕೇಳಿಸುತ್ತದೆ. ಮೊದಲು ಅದನ್ನಲ್ಲ, ಐ.ಎಚ್.ಎಸ್.ಎಸ್. ಎಂಬ ಮನೆ ಆರೈಕೆ ಯೋಜನೆಯನ್ನು ಪ್ರಸ್ತಾಪಿಸಿ. ಮೆಡಿ-ಕ್ಯಾಲ್ ಎಂಬ, ಕಡಿಮೆ ಆದಾಯದವರಿಗೆ ಈ ರಾಜ್ಯ ಕೊಡುವ ಆರೋಗ್ಯ ವಿಮೆ ಇರುವ ವೃದ್ಧರಿಗೆ ಸ್ನಾನ, ಅಡುಗೆ, ಬಟ್ಟೆ, ಆಸ್ಪತ್ರೆಗೆ ಜೊತೆ ಹೋಗುವುದು ಇವಕ್ಕೆ ಗಂಟೆ ಲೆಕ್ಕದಲ್ಲಿ ಸಂಬಳ ಕೊಡುವ ಯೋಜನೆ ಅದು; ಆ ಸಂಬಳವನ್ನು ಮಗಳೇ ಪಡೆಯಬಹುದು. ಎರಡರಲ್ಲಿ ಒಂದು ಕೆಲಸ ಬಿಟ್ಟು ತಾಯಿಯ ಜೊತೆ ಇರಲು ಅಷ್ಟು ಸಾಕಾಗಬಹುದು. ಆದರೆ ಗಂಟೆ ನಿಗದಿ ಮಾಡಲು ಕೌಂಟಿಯವರು, ಅಂದರೆ ಸ್ಥಳೀಯ ಆಡಳಿತದವರು, ಮನೆಗೆ ಬಂದಾಗ ನಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತಿಥಿ ಬಂದರೆಂದು ಅಜ್ಜಿ ಒಳ್ಳೆಯ ಬಟ್ಟೆ ಉಟ್ಟು, ಮಂಡಿನೋವು ನುಂಗಿಕೊಂಡು ಎದ್ದು, ಚಹಾ ಕೊಟ್ಟು, ‘ಎಲ್ಲ ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತಾರೆ. ಗಂಟೆಗಳು ಅಲ್ಲೇ ಅರ್ಧಕ್ಕೆ ಇಳಿಯುತ್ತವೆ. ಕಷ್ಟದ ದಿನ ಹೇಗಿರುತ್ತದೆ, ಎಷ್ಟು ಸಲ ಬಿದ್ದರು, ಸಕ್ಕರೆ ಯಾವಾಗ ಇಳಿಯಿತು ಎಂದು ಎರಡು ವಾರದ ಟಿಪ್ಪಣಿ ನೀವೇ ಬರೆದು ಮಗಳ ಕೈಗೆ ಕೊಡಿ. ಮರೆವು ದೃಢಪಟ್ಟು, ಒಂಟಿಯಾಗಿ ಬಿಡುವಂತಿಲ್ಲ ಎಂದು ವೈದ್ಯರು ಬರೆದರೆ, ರಕ್ಷಣಾ ಮೇಲ್ವಿಚಾರಣೆ ಎಂಬ ಹೆಸರಿನಲ್ಲಿ ಹೆಚ್ಚಿನ ಗಂಟೆ ಸಿಗುತ್ತವೆ. ಒಟ್ಟು ಮಿತಿ ತಿಂಗಳಿಗೆ 283 ಗಂಟೆ. ಇದರ ಅಪಾಯವೆಂದರೆ ಮಗಳು ಪೂರ್ತಿ ಮನೆಯಲ್ಲೇ ಸಿಕ್ಕಿಹಾಕಿಕೊಳ್ಳುವುದು. ವಾರದಲ್ಲಿ ಕೆಲವು ಗಂಟೆ ಬೇರೊಬ್ಬರ ಹೆಸರಿನಲ್ಲಿ ಇರಲಿ.

ಡೇ ಸೆಂಟರ್ ವಿಷಯ ಎತ್ತುವುದಾದರೆ, ಅದರ ಕೆಡುಕನ್ನೂ ಹೇಳಿ. ತಿಗ್ರಿನ್ಯಾ ಬಲ್ಲವರು ಒಬ್ಬರೂ ಇಲ್ಲದ, ಉಪವಾಸದ ದಿನ ಚೀಸ್ ಹಾಕಿದ ಊಟ ಬಡಿಸುವ ಕೇಂದ್ರಕ್ಕೆ ಕಳಿಸಿದರೆ, ಅಜ್ಜಿ ಮನೆಯಲ್ಲಿದ್ದುದಕ್ಕಿಂತ ಹೆಚ್ಚು ಒಂಟಿಯಾಗುತ್ತಾರೆ. ಮಗಳ ಜೊತೆ ಹೋಗಿ ಒಂದು ದಿನ ಕುಳಿತು ನೋಡಿ ಬನ್ನಿ. ವಯಸ್ಸು 55 ತುಂಬಿ, ನರ್ಸಿಂಗ್ ಹೋಮ್ ಮಟ್ಟದ ಆರೈಕೆ ಬೇಕಾದವರಿಗೆ ‘ಪೇಸ್’ ಎಂಬ ಯೋಜನೆ ಇದೆ. ವೈದ್ಯರು, ಔಷಧ, ವಾಹನ, ದಿನದ ಕೇಂದ್ರ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಆದರೆ ಸೇರಿದರೆ ಈಗಿನ ವೈದ್ಯರನ್ನು ಬಿಡಬೇಕಾಗುತ್ತದೆ. ಇವೆಲ್ಲಕ್ಕೂ ಮೊದಲು ಚರ್ಚಿನ ಹೆಂಗಸರನ್ನು ಹುಡುಕಿ. ವಾರಕ್ಕೆ ಎರಡು ದಿನ ಯಾರಾದರೂ ಕರೆದೊಯ್ಯುವಂತಾದರೆ, ಅಥವಾ ಮೂವರು ಅಜ್ಜಿಯರು ಇವರ ಮನೆಗೇ ಬಂದು ಕಾಫಿಗೆ ಕೂರುವಂತಾದರೆ, ಕೊಡುವ ಕೈ ಮತ್ತೆ ಅವರದಾಗುತ್ತದೆ. ಊರಿಗೆ ವಾಪಸು ಹೋಗುತ್ತೇನೆ ಎಂದು ಅಜ್ಜಿ ಹೇಳಿದರೆ ಗದರಬೇಡಿ. ಅಲ್ಲಿ ಔಷಧ ನಿಯಮಿತವಾಗಿ ಸಿಗುತ್ತದೆಯೆ, ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿ. ಹೋದವರು ಬರುವುದು ಆರು ತಿಂಗಳು ದಾಟಿದರೆ ಪೌರತ್ವಕ್ಕೆ ಬೇಕಾದ ಸತತ ವಾಸದ ಲೆಕ್ಕ ತುಂಡಾಗಬಹುದು, ವರ್ಷ ದಾಟಿದರೆ ಗ್ರೀನ್ ಕಾರ್ಡೇ ಕೈತಪ್ಪಬಹುದು ಎಂಬುದನ್ನು ಮೊದಲೇ ಹೇಳಿ.

ಕಾನೂನಿನ ಭಯದಲ್ಲಿ ಸ್ವಲ್ಪ ನಿಜ, ಹೆಚ್ಚು ಗಾಳಿಮಾತು. ಕರೆಸಿಕೊಳ್ಳುವಾಗ ಮಗಳು ಸಹಿ ಹಾಕಿದ ಪೋಷಣೆಯ ಪತ್ರ ನಿಜವಾದ ಕರಾರು. ತಾಯಿ ಪೌರತ್ವ ಪಡೆಯುವವರೆಗೆ, ಇಲ್ಲವೇ ನಿಗದಿಯಾದಷ್ಟು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ ಅದು ಮುಂದುವರಿಯುತ್ತದೆ. ಹಾಗಾಗಿ ವೃದ್ಧರಿಗೆ ಕೊಡುವ ಕೇಂದ್ರ ಸರ್ಕಾರದ ಎಸ್.ಎಸ್.ಐ. ಹಣ ಇವರಿಗೆ ಈಗ ಸಿಗುವುದಿಲ್ಲ. ಅದು ಸಿಗದ ವಲಸಿಗ ವೃದ್ಧರಿಗೆಂದೇ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಪಿ ಎಂಬ ಯೋಜನೆ ಇದೆ, ಅದರಲ್ಲೂ ಮಗಳ ಆದಾಯವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಗ್ರೀನ್ ಕಾರ್ಡ್ ಇರುವವರಿಗೆ ಐದು ವರ್ಷ ತುಂಬದಿದ್ದರೂ ಮೆಡಿ-ಕ್ಯಾಲ್ ಕೊಡುವ ವ್ಯವಸ್ಥೆ ಈ ರಾಜ್ಯದಲ್ಲಿದೆ. ಐದು ವರ್ಷ ತುಂಬಿದ ಮೇಲೆ ಕಂತು ಕಟ್ಟಿ ಮೆಡಿಕೇರ್ ಎಂಬ, ಹಿರಿಯರಿಗಿರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ ಕೊಳ್ಳಬಹುದು. ಪೌರತ್ವಕ್ಕೆ ಅರ್ಜಿ ಹಾಕಬಹುದಾದದ್ದೂ ಸರಿಸುಮಾರು ಆಗಲೇ. ಪೌರತ್ವದ ಪರೀಕ್ಷೆಯಲ್ಲಿ ವಯಸ್ಸಿನ ಮೇಲೆ ಇಂಗ್ಲಿಷ್ ವಿನಾಯಿತಿ ಸಿಗಲು ಗ್ರೀನ್ ಕಾರ್ಡ್ ಪಡೆದು 15 ಅಥವಾ 20 ವರ್ಷ ಆಗಿರಬೇಕಾದ್ದರಿಂದ ಇವರಿಗೆ ಉಳಿಯುವುದು ಎನ್-648 ಎಂಬ ವೈದ್ಯಕೀಯ ವಿನಾಯಿತಿಯ ನಮೂನೆ. ಮರೆವಿನ ಕಾಯಿಲೆ ನಿಜವಾಗಿದ್ದರೆ ಮಾತ್ರ ಅದನ್ನು ತುಂಬಬೇಕು. ಪರೀಕ್ಷೆ ತಪ್ಪಿಸಲು ಬರೆದದ್ದೆಂದು ಅನುಮಾನ ಬಂದರೆ ಅರ್ಜಿಯೇ ಕೆಡುತ್ತದೆ. ಈ ನಿಯಮಗಳನ್ನು ಸರ್ಕಾರಗಳು ಮೇಲಿಂದ ಮೇಲೆ ಬದಲಿಸುತ್ತಿವೆ, ಆದ್ದರಿಂದ ಅರ್ಜಿ ಹಾಕುವ ಮುನ್ನ ಉಚಿತ ಕಾನೂನು ನೆರವಿನ ವಕೀಲರಿಗೆ ಕಾಗದಗಳನ್ನು ತೋರಿಸಲೇಬೇಕು. ಎರಿಟ್ರಿಯದವರಲ್ಲಿ ತಮ್ಮ ಹೆಸರಾದ ಮೇಲೆ ತಂದೆಯ ಹೆಸರು, ಆಮೇಲೆ ಅಜ್ಜನ ಹೆಸರು ಬರುತ್ತದೆ, ಮನೆತನದ ಹೆಸರೆಂಬುದಿಲ್ಲ. ಪಾಸ್‌ಪೋರ್ಟಿನಲ್ಲಿ ನಮ್ಮ ಹಳೇ ಮೈಸೂರಿನವರ ತಂದೆಯ ಹೆಸರೇ ಸರ್‌ನೇಮ್ ಆಗಿಬಿಡುವಂತೆ ಇಲ್ಲಿ ಅಜ್ಜನ ಹೆಸರು ಆಗಿಬಿಡುತ್ತದೆ. ತಾಯಿ, ಮಗಳ ಕೊನೆಯ ಹೆಸರು ಬೇರೆ ಬೇರೆ ಇರುವುದರಿಂದ ಕಚೇರಿಗಳಲ್ಲಿ ಕಡತ ಎರಡಾಗಿರಬಹುದು, ಅದನ್ನೊಮ್ಮೆ ನೋಡಿ.

ಇನ್ನೊಂದು ವಿಷಯ. ಪರೀಕ್ಷೆಗಳ ಫಲ ಏನೇ ಬರಲಿ, ಮೊದಲು ಯಾರಿಗೆ ಹೇಳಬೇಕು ಎಂದು ಅಜ್ಜಿಯನ್ನು ಈಗಲೇ ಕೇಳಿಡಿ. ಅವರ ಕಡೆ ಕೆಟ್ಟ ಸುದ್ದಿಯನ್ನು ಫೋನಿನಲ್ಲಿ, ಒಬ್ಬರೇ ಇರುವಾಗ ಹೇಳುವುದಿಲ್ಲ; ಬಂಧುಗಳು ಸೇರಿ, ಪಕ್ಕದಲ್ಲಿ ಕುಳಿತು ಹೇಳುತ್ತಾರೆ. ‘ಮಗಳಿಗೆ ಹೇಳಿ, ನನಗೆ ಬೇಡ’ ಎಂದು ಅವರೇ ಆರಿಸಿಕೊಂಡರೆ ಆ ಆಯ್ಕೆಗೂ ಇಲ್ಲಿನ ವೈದ್ಯರು ಬೆಲೆ ಕೊಡುತ್ತಾರೆ. ಕಡತದಲ್ಲಿ ಬರೆದಿಡಬೇಕು, ಅಷ್ಟೆ.

ಔಷಧದ ಪಟ್ಟಿಯನ್ನೂ, ಬಿ-12, ಥೈರಾಯ್ಡ್ ಫಲಿತಾಂಶಗಳನ್ನೂ, ಕಾಫಿಯ ದಿನ ನೀವು ಕಂಡದ್ದನ್ನೂ ನನಗೆ ಬರೆಯಿರಿ. ಮರೆವಿನ ಪ್ರಶ್ನೆಗೆ ಅವು ಕೈಗೆ ಬಂದ ಮೇಲೆ ಉತ್ತರ ಹೇಳುತ್ತೇನೆ.